ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಕಾಣಿಸದಿದ್ದರೆ ಅದರಲ್ಲಿ ವೈರಸ್ ಇದೆ ಎಂದರ್ಥವೇ?

“ಈ ಆ್ಯಪ್ ಅನ್ನು ಗೂಗಲ್ ಬ್ಯಾನ್ ಮಾಡಿದೆ. ನಿಮ್ಮ ಬ್ಯಾಂಕ್ ಖಾತೆ ಖಾಲಿ ಆಗುವ ಮೊದಲು ಡಿಲೀಟ್ ಮಾಡಿ. ಎಲ್ಲ ಗ್ರೂಪ್‌ಗೂ ಕಳಿಸಿ.” ಇಂಥದ್ದೊಂದು ಸಂದೇಶ ನಿಮ್ಮ ಫೋನಿಗೂ ಯಾವಾಗಲಾದರೂ ಬಂದಿರುತ್ತದೆ. ಇದಕ್ಕೆ ಒಂದು ಜೋಡಿ ಸಂದೇಶವೂ ಇದೆ: “ಈ ಆ್ಯಪ್ ಈಗ ಪ್ಲೇ ಸ್ಟೋರ್‌ನಲ್ಲಿ ಸಿಗುತ್ತಿಲ್ಲ, ಕೆಳಗಿನ ಲಿಂಕ್‌ನಿಂದ ಹಾಕಿಕೊಳ್ಳಿ.” ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಉಪಕಾರ ಮಾಡುವ ಹಾಗೆ ಕಾಣುತ್ತದೆ. ಹೆಚ್ಚು ಅಪಾಯ ಇರುವುದು ಎರಡನೆಯದರಲ್ಲಿ.

ಕಳೆದ ದೀಪಾವಳಿಗೆ ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮ ಹೊಸ ಫೋನ್ ತಗೊಂಡರು. ಎರಡು ದಿನಕ್ಕೇ ನನಗೆ ಕರೆ. “ಏ, ನನ್ನ ಪಂಚಾಂಗದ ಆ್ಯಪ್ ಬ್ಯಾನ್ ಆಗಿದ್ಯಂತೆ ಕಣೇ, ಹೌದಾ? ಹೊಸ ಫೋನಲ್ಲಿ ಹುಡುಕಿದ್ರೆ ಬರ್ತಾನೇ ಇಲ್ಲ. ಹಳೇದ್ರಲ್ಲಿ ಚೆನ್ನಾಗೇ ಓಡ್ತಿದೆ.” ಅಷ್ಟರಲ್ಲಿ ಅವರ ಭಜನಾ ಮಂಡಳಿಯ ಗ್ರೂಪಿನಲ್ಲಿ ಯಾರೋ ಅದೇ ಹೆಸರಿನ ಎಪಿಕೆ ಫೈಲ್ ಒಂದನ್ನು ಕಳಿಸಿಯೂ ಆಗಿತ್ತು. ಎಪಿಕೆ ಅಂದರೆ ಪ್ಲೇ ಸ್ಟೋರ್‌ನ ಹಂಗಿಲ್ಲದೆ ನೇರವಾಗಿ ಫೋನಿಗೆ ಹಾಕಿಕೊಳ್ಳುವ ಆ್ಯಪ್ ಫೈಲ್. ಪುಣ್ಯಕ್ಕೆ ಚಿಕ್ಕಮ್ಮ ಅದನ್ನು ಒತ್ತುವ ಮೊದಲು ಕೇಳಿದರು.

ಆ ಪಂಚಾಂಗದ ಆ್ಯಪ್ ಅನ್ನು ಯಾರೂ ಬ್ಯಾನ್ ಮಾಡಿರಲಿಲ್ಲ. ಅದಕ್ಕೆ ವಯಸ್ಸಾಗಿತ್ತು, ಅಷ್ಟೆ.

ಹಳೇ ಫೋನಿನಲ್ಲಿ ಇದೆ, ಹೊಸದರಲ್ಲಿ ಯಾಕಿಲ್ಲ?

ಪ್ರತಿ ಆಂಡ್ರಾಯ್ಡ್ ಆ್ಯಪ್‌ನ ಒಳಗೆ ಒಂದು ಸಂಖ್ಯೆ ಬರೆದಿರುತ್ತದೆ. ಡೆವಲಪರ್‌ಗಳು ಅದನ್ನು ‘ಟಾರ್ಗೆಟ್ ಎಪಿಐ ಲೆವೆಲ್’ ಅನ್ನುತ್ತಾರೆ. ಸರಳವಾಗಿ ಹೇಳಬೇಕೆಂದರೆ, “ನಾನು ಆಂಡ್ರಾಯ್ಡ್‌ನ ಇಂಥ ಆವೃತ್ತಿಯ ನಿಯಮಗಳಿಗೆ ತಕ್ಕಂತೆ ತಯಾರಾಗಿದ್ದೇನೆ” ಎಂದು ಆ್ಯಪ್ ಮಾಡುವ ಘೋಷಣೆ ಅದು. ಗೂಗಲ್ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಆಂಡ್ರಾಯ್ಡ್‌ನ ಹೊಸ ಆವೃತ್ತಿ ತರುತ್ತದೆ, ಅದರ ಹಿಂದೆಯೇ ಪ್ಲೇ ಸ್ಟೋರ್‌ನ ಈ ಕನಿಷ್ಠ ಸಂಖ್ಯೆಯೂ ಮೇಲೇರುತ್ತದೆ. 2025ರ ಆಗಸ್ಟ್ 31ರ ಗಡುವಿನ ಪ್ರಕಾರ ಹೊಸ ಆ್ಯಪ್‌ಗಳು ಮತ್ತು ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ಕ್ಕೆ, ಈಗಾಗಲೇ ಸ್ಟೋರ್‌ನಲ್ಲಿರುವ ಆ್ಯಪ್‌ಗಳು ಕನಿಷ್ಠ ಆಂಡ್ರಾಯ್ಡ್ 14ಕ್ಕೆ ಹೊಂದಿಕೊಂಡಿರಬೇಕು.

ಹಾಗೆ ಹೊಂದಿಕೊಳ್ಳದ ಹಳೆಯ ಆ್ಯಪ್ ಅನ್ನು ಗೂಗಲ್ ಅಳಿಸಿ ಹಾಕುವುದಿಲ್ಲ. ಅದರ ಸಂಖ್ಯೆಗಿಂತ ಹೊಸ ಆಂಡ್ರಾಯ್ಡ್ ಇರುವ ಫೋನುಗಳಲ್ಲಿ, ಹೊಸ ಬಳಕೆದಾರರಿಗೆ ಕಾಣದ ಹಾಗೆ ಮರೆಮಾಡುತ್ತದೆ. ಮೊದಲೇ ಪ್ಲೇ ಸ್ಟೋರ್‌ನಿಂದ ಹಾಕಿಕೊಂಡಿದ್ದವರಿಗೆ ಅದು ಹೊಸ ಫೋನಿನಲ್ಲೂ ಮತ್ತೆ ಸಿಗುತ್ತದೆ.

ಹಾಗಾದರೆ ಚಿಕ್ಕಮ್ಮನಿಗೆ ಯಾಕೆ ಸಿಗಲಿಲ್ಲ? ಫೋನ್ ಅಂಗಡಿಯ ಹುಡುಗ ಹೊಸ ಫೋನಿಗೆ ಹೊಸ ಜಿಮೇಲ್ ಮಾಡಿಕೊಟ್ಟಿದ್ದ! ಗೂಗಲ್‌ನ ಲೆಕ್ಕದಲ್ಲಿ ಅವರು ಹೊಸ ಮನುಷ್ಯರು. ಹಳೇ ಜಿಮೇಲ್‌ನ ಪಾಸ್‌ವರ್ಡ್ ಹುಡುಕಲು ಒಂದು ಮಧ್ಯಾಹ್ನ ಹಿಡಿಯಿತು (ಗೋಡೆಗೆ ನೇತುಹಾಕಿದ್ದ ಅಚ್ಚಿನ ಪಂಚಾಂಗದ ಹಿಂಬದಿಯ ರಟ್ಟಿನ ಮೇಲೆ ಇತ್ತು). ಆ ಖಾತೆಯನ್ನು ಹೊಸ ಫೋನಿಗೆ ಸೇರಿಸಿ, ಪ್ಲೇ ಸ್ಟೋರ್‌ನಲ್ಲಿ ಬಲತುದಿಯ ಚಿತ್ರ ಒತ್ತಿ ಆ ಖಾತೆಗೆ ಬದಲಾಯಿಸಿ, ಆ್ಯಪ್‌ಗಳನ್ನು ನಿರ್ವಹಿಸುವ ಪುಟದಲ್ಲಿ ‘ಇನ್‌ಸ್ಟಾಲ್ ಆಗಿಲ್ಲದವು’ ಎಂಬ ಪಟ್ಟಿ ತೆರೆದರೆ ಪಂಚಾಂಗ ಅಲ್ಲೇ ಕೂತಿತ್ತು. ಕೊನೆಯ ಅಪ್‌ಡೇಟ್ 2020ರದ್ದು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಬೇಕು ಎಂದು ಕೇಳಬಹುದು. 2015ರಲ್ಲಿ ಬಂದ ಆಂಡ್ರಾಯ್ಡ್ 6ಕ್ಕಿಂತ ಮೊದಲು ಆ್ಯಪ್ ಹಾಕಿಕೊಳ್ಳುವಾಗಲೇ ಅದು ಕೇಳಿದ ಎಲ್ಲ ಅನುಮತಿಗಳೂ ಗಂಟುಕಟ್ಟಿ ಸಿಕ್ಕಿಬಿಡುತ್ತಿದ್ದವು. ಕ್ಯಾಮೆರಾ ಬೇಕಾದಾಗ ಕ್ಯಾಮೆರಾಕ್ಕೆ, ಕಾಂಟ್ಯಾಕ್ಟ್ ಬೇಕಾದಾಗ ಕಾಂಟ್ಯಾಕ್ಟ್‌ಗೆ ಪ್ರತ್ಯೇಕವಾಗಿ ಕೇಳುವ ಪದ್ಧತಿ ಬಂದದ್ದು ಆ ಆವೃತ್ತಿಯಿಂದ. ಆದರೆ “ನಾನು ಹಳೇ ಕಾಲದವನು” ಎಂದು ಘೋಷಿಸಿಕೊಂಡ ಆ್ಯಪ್‌ಗೆ ಹೊಸ ಫೋನಿನಲ್ಲೂ ಹಳೇ ಸಲಿಗೆ ಸಿಗುತ್ತಿತ್ತು. ಕದಿಯುವ ಆ್ಯಪ್ ಮಾಡುವವರು ಬೇಕೆಂದೇ ಹಳೇ ಸಂಖ್ಯೆ ಹಾಕಿಕೊಂಡು ಬರುತ್ತಿದ್ದರು. ಹಾಗಾಗಿ ಆಂಡ್ರಾಯ್ಡ್ 14ರಿಂದ, ಆ ಪದ್ಧತಿಗೂ ಹಿಂದಿನ ಸಂಖ್ಯೆ ಇರುವ ಆ್ಯಪ್ ಅನ್ನು ಎಲ್ಲಿಂದ ತಂದರೂ ಫೋನ್ ಹಾಕಿಕೊಳ್ಳಲು ಬಿಡುವುದಿಲ್ಲ.

ಈ ನಿಯಮದ ಭಾರ ಬೀಳುವುದು ಸಣ್ಣವರ ಮೇಲೆ. ಒಬ್ಬರೇ ಕೂತು ಬಿಡುವಿನಲ್ಲಿ ಮಾಡಿದ ಕನ್ನಡ ನಿಘಂಟು, ವಚನಗಳ ಆ್ಯಪ್, ಬಸ್ ವೇಳಾಪಟ್ಟಿ ಇಂಥವು ಮಾಯವಾಗುವುದಕ್ಕೆ ಇದು ದೊಡ್ಡ ಕಾರಣ. ಸಂಖ್ಯೆ ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ, ಅದನ್ನು ಬದಲಿಸಿದಾಗ ಆ್ಯಪ್‌ನ ಹತ್ತು ಕಡೆ ಏನೇನೋ ಕೆಡುತ್ತದೆ, ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಯಾವ ಮಾಹಿತಿ ಸಂಗ್ರಹಿಸುತ್ತೀರಿ ಎಂಬ ಘೋಷಣೆಯನ್ನು 2022ರಿಂದ ತುಂಬಬೇಕು. ಬಳಕೆದಾರ ಖಾತೆ ತೆರೆಯುವ ಆ್ಯಪ್ ಆದರೆ ಅದನ್ನು ಅಳಿಸುವ ದಾರಿಯನ್ನೂ ಕೊಡಬೇಕು. 2023ರ ನವೆಂಬರ್ ನಂತರ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಮೊದಲು 20 ಜನರಿಂದ 14 ದಿನ ಪರೀಕ್ಷೆ ಮಾಡಿಸಬೇಕಿತ್ತು, ಆಮೇಲೆ ಅದನ್ನು 12 ಜನಕ್ಕೆ ಇಳಿಸಿದರು. ಆ್ಯಪಲ್‌ನಲ್ಲಿ ಇದರ ಜೊತೆಗೆ ವರ್ಷಕ್ಕೆ 99 ಡಾಲರ್ ಶುಲ್ಕ, ಕಟ್ಟುವುದು ನಿಲ್ಲಿಸಿದರೆ ಆ್ಯಪ್ ಸ್ಟೋರ್‌ನಿಂದ ಇಳಿಯುತ್ತದೆ. ಸಂಬಳವಿಲ್ಲದೆ ಇಷ್ಟನ್ನೂ ಪ್ರತಿವರ್ಷ ಮಾಡುತ್ತಾ ಕೂರುವವರು ಎಷ್ಟು ಜನ ಇದ್ದಾರು?

ದೊಡ್ಡ ಆ್ಯಪ್‌ಗಳೂ ಇಳಿದಿವೆ

2020ರ ಸೆಪ್ಟೆಂಬರ್ 18ರಂದು ಪೇಟಿಎಂ ಪ್ಲೇ ಸ್ಟೋರ್‌ನಿಂದ ಮಾಯವಾಯಿತು. ದುಡ್ಡು ಹೋಯಿತೇನೋ ಎಂದು ಜನ ಗಾಬರಿಯಾದರು. ಆಗ ಐಪಿಎಲ್ ಶುರುವಾಗುವ ಹೊತ್ತು. ಆ್ಯಪ್‌ನ ಒಳಗೆ ಕ್ರಿಕೆಟ್‌ಗೆ ಜೋಡಿಸಿದ್ದ ಕ್ಯಾಶ್‌ಬ್ಯಾಕ್ ಕೊಡುಗೆಯೊಂದು ತನ್ನ ಜೂಜಿನ ನಿಯಮಕ್ಕೆ ವಿರುದ್ಧ ಎಂಬುದು ಗೂಗಲ್‌ನ ತಕರಾರು. ಪೇಟಿಎಂ ಅದನ್ನು ಒಪ್ಪಲಿಲ್ಲ, ಆದರೂ ಆ ಕೊಡುಗೆಯನ್ನು ತೆಗೆಯಿತು. ಕೆಲವೇ ಗಂಟೆಗಳಲ್ಲಿ ಆ್ಯಪ್ ವಾಪಸ್ ಬಂತು.

2024ರ ಮಾರ್ಚ್ 1ರಂದು ನೌಕ್ರಿ, 99 ಏಕರ್ಸ್, ಭಾರತ್ ಮ್ಯಾಟ್ರಿಮೋನಿ, ಕುಕು ಎಫ್‌ಎಂ ಮುಂತಾದ ಭಾರತೀಯ ಕಂಪನಿಗಳ ಆ್ಯಪ್‌ಗಳು ಒಟ್ಟಿಗೆ ಇಳಿದವು. ಅಲ್ಲಿ ವೈರಸ್ಸೂ ಇರಲಿಲ್ಲ, ಜೂಜೂ ಇರಲಿಲ್ಲ. ಆ್ಯಪ್‌ನೊಳಗಿನ ಪಾವತಿಯಲ್ಲಿ ಗೂಗಲ್‌ಗೆ ಎಷ್ಟು ಪಾಲು ಕೊಡಬೇಕು ಎಂಬ ದುಡ್ಡಿನ ಜಗಳ ಅದು. ಸರ್ಕಾರ ಮಧ್ಯೆ ಬಂತು, ಕೆಲವೇ ದಿನಗಳಲ್ಲಿ ಅವನ್ನು ತಾತ್ಕಾಲಿಕವಾಗಿ ಮರಳಿ ಹಾಕಲಾಯಿತು. ಹಾಗಾಗಿ “ಸ್ಟೋರ್‌ನಿಂದ ತೆಗೆದರು, ಅಂದಮೇಲೆ ಕಳ್ಳ ಆ್ಯಪ್” ಎಂಬ ತೀರ್ಮಾನಕ್ಕೆ ಆಧಾರವಿಲ್ಲ.

2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳ ಮೇಲೆ ಬಂದ ನಿಷೇಧ ಬೇರೆಯೇ ಬಗೆಯದು. ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂನಡಿ ಕೇಂದ್ರ ಸರ್ಕಾರದ ಆದೇಶ. ಫಾರ್ವರ್ಡ್‌ಗಳು ‘ಬ್ಯಾನ್’ ಎಂಬ ಒಂದೇ ಪದದಲ್ಲಿ ಇವೆಲ್ಲವನ್ನೂ ಕಲಸಿಬಿಡುತ್ತವೆ. ಅದೇ ಜೂನ್ ತಿಂಗಳಲ್ಲಿ ಚೀನಾ ಆ್ಯಪ್‌ಗಳನ್ನು ಹುಡುಕಿ ತೆಗೆಯುವುದಾಗಿ ಹೇಳಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಬಹಳ ಓಡಾಡಿದ ‘ರಿಮೂವ್ ಚೈನಾ ಆ್ಯಪ್ಸ್’ ಎಂಬ ಆ್ಯಪ್ ಅನ್ನೂ ಗೂಗಲ್ ತನ್ನ ನಿಯಮ ತೋರಿಸಿ ಇಳಿಸಿತ್ತು.

ನಿಜವಾಗಿ ನಮ್ಮನ್ನು ಕಾಯುವ ನಿಯಮ ಯಾವುದು?

ಪ್ಲೇ ಸ್ಟೋರ್‌ನ ನಿಯಮಗಳಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಿ ಎಂದರೆ ನಾನು ಎಸ್‌ಎಂಎಸ್ ನಿಯಮವನ್ನು ಹೇಳುತ್ತೇನೆ. 2018ರ ಅಕ್ಟೋಬರ್‌ನಲ್ಲಿ ಗೂಗಲ್ ಅದನ್ನು ಪ್ರಕಟಿಸಿ 2019ರ ಆರಂಭದಿಂದ ಜಾರಿಗೆ ತಂದಿತು. ಫೋನಿನ ಮುಖ್ಯ ಮೆಸೇಜ್ ಆ್ಯಪ್ ಅಥವಾ ಕರೆ ಮಾಡುವ ಆ್ಯಪ್ ಅಲ್ಲದಿದ್ದರೆ, ನಿಮ್ಮ ಎಸ್‌ಎಂಎಸ್ ಮತ್ತು ಕರೆಗಳ ಪಟ್ಟಿಯನ್ನು ಓದುವ ಅನುಮತಿ ಸುಲಭವಾಗಿ ಸಿಗುವುದಿಲ್ಲ. ಬೇಕಾದವರು ಕಾರಣ ಬರೆದು ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಟಾರ್ಚ್ ಆ್ಯಪ್ ಕೂಡ ಎಸ್‌ಎಂಎಸ್ ಕೇಳಬಹುದಿತ್ತು!

ಹಾಗಾದರೆ ಆ್ಯಪ್‌ಗಳಲ್ಲಿ ಓಟಿಪಿ ತಾನಾಗಿಯೇ ಹೇಗೆ ತುಂಬಿಕೊಳ್ಳುತ್ತದೆ? ಓಟಿಪಿ ಎಸ್‌ಎಂಎಸ್‌ನ ಕೊನೆಯಲ್ಲಿ ಒಮ್ಮೊಮ್ಮೆ ಅರ್ಥವಿಲ್ಲದ ಅಕ್ಷರಗಳ ಗುಚ್ಛ ಇರುವುದನ್ನು ನೋಡಿರುತ್ತೀರಿ. ಅದು ಆ ಆ್ಯಪ್‌ನ ಗುರುತು. ಆ ಗುರುತಿರುವ ಒಂದೇ ಒಂದು ಸಂದೇಶವನ್ನು ಫೋನ್ ಆ್ಯಪ್‌ಗೆ ಕೊಡುತ್ತದೆ, ಉಳಿದ ಇನ್‌ಬಾಕ್ಸ್ ಮುಚ್ಚಿಯೇ ಇರುತ್ತದೆ.

ಸಾಲದ ಆ್ಯಪ್‌ಗಳ ಕಥೆ ನಿಮಗೆ ಗೊತ್ತು. ಕಾಂಟ್ಯಾಕ್ಟ್ ಪಟ್ಟಿಯನ್ನೂ ಫೋಟೋಗಳನ್ನೂ ಎತ್ತಿಕೊಂಡು, ಕಂತು ತಡವಾದರೆ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಹರಾಜು ಹಾಕುತ್ತಿದ್ದರು. ಆ್ಯಪ್ ಮೂಲಕ ಸಾಲ ಕೊಡುವವರು ಕಾಂಟ್ಯಾಕ್ಟ್, ಫೈಲು, ಕರೆ ಪಟ್ಟಿ ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. 2023ರ ಮೇ 31ರಿಂದ ಪ್ಲೇ ಸ್ಟೋರ್ ಕೂಡ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಫೋಟೋ ಮತ್ತು ಕಾಂಟ್ಯಾಕ್ಟ್ ಅನುಮತಿಯನ್ನು ನಿಲ್ಲಿಸಿತು. 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ಗೂಗಲ್ ತೆಗೆದಿದೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಇಲ್ಲಿ ‘ತೆಗೆದರು’ ಎಂಬುದು ನಿಜಕ್ಕೂ ಎಚ್ಚರಿಕೆಯ ಸುದ್ದಿ.

ಹೀಗೆಂದು ಪ್ಲೇ ಸ್ಟೋರ್‌ನಲ್ಲಿ ಇರುವುದೆಲ್ಲ ಅಪರಂಜಿ ಅಲ್ಲ. ಆ್ಯಪ್‌ನ ಪುಟದಲ್ಲಿ ಕಾಣುವ ‘ಡೇಟಾ ಸುರಕ್ಷತೆ’ ಎಂಬ ಭಾಗ ಡೆವಲಪರ್ ತಾನೇ ಬರೆದುಕೊಟ್ಟ ಹೇಳಿಕೆ. ಅದು ಗೂಗಲ್ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರ ಎಂದುಕೊಳ್ಳಬೇಡಿ.

ಇನ್ನು ಭಜನಾ ಮಂಡಳಿಯ ಗ್ರೂಪಿಗೆ ಬಂದ ಆ ಎಪಿಕೆ

ಈ ನಿಯಮಗಳೆಲ್ಲ ಇರುವುದು ಸ್ಟೋರ್‌ನ ಬಾಗಿಲಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆಗೆ ಆ ಬಾಗಿಲೇ ಇಲ್ಲ. ಅದು ಎಸ್‌ಎಂಎಸ್ ಅನುಮತಿ ಕೇಳಬಹುದು, ಕಾಂಟ್ಯಾಕ್ಟ್ ಕೇಳಬಹುದು. ಕಣ್ಣು ಕಾಣದವರ ಅನುಕೂಲಕ್ಕೆಂದು ಇರುವ ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಪಡೆದರಂತೂ ನಿಮ್ಮ ಪರದೆಯನ್ನೇ ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಲೂಬಹುದು. ಆರ್‌ಟಿಒ ಚಲನ್, ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ ಎಂದು ಹೆಸರಿಟ್ಟ ಎಪಿಕೆಗಳು ಗ್ರೂಪುಗಳಲ್ಲಿ ಬರುವುದು ಇದೇ ಕಾರಣಕ್ಕೆ. ಸ್ಟೋರ್‌ನಲ್ಲಿ ಕೇಳಲಾಗದ್ದನ್ನು ಕೇಳಲು ಅವರಿಗೆ ನಮ್ಮ ಗ್ರೂಪು ಬೇಕು. ಎಸ್‌ಎಂಎಸ್ ಅನುಮತಿ ಸಿಕ್ಕಿತೆಂದರೆ ಓಟಿಪಿ ಅವರ ಕೈಗೆ, ಆಮೇಲೆ ನೀವು ಯಾರಿಗೂ ಓಟಿಪಿ ಹೇಳದೆಯೇ ಖಾತೆಯಿಂದ ದುಡ್ಡು ಹೋಗುತ್ತದೆ.

ಕಳಿಸಿದವರು ಪರಿಚಿತರೇ ಎಂಬುದೂ ಭರವಸೆ ಅಲ್ಲ. ಇಂಥ ಆ್ಯಪ್ ಹೊಕ್ಕ ಫೋನಿನಿಂದಲೇ ಮುಂದಿನವರಿಗೆ ಸಂದೇಶ ಹೋಗುವುದುಂಟು. ಚಿಕ್ಕಮ್ಮನ ಗ್ರೂಪಿನಲ್ಲಿ ಎಪಿಕೆ ಕಳಿಸಿದ ಹಿರಿಯರನ್ನು ಕೇಳಿದರೆ, ತಮಗೂ ಬೇರೆ ಗ್ರೂಪಿನಿಂದ ಬಂದದ್ದು, ಹಬ್ಬದ ಸಮಯ, ಎಲ್ಲರಿಗೂ ಉಪಯೋಗ ಆಗಲಿ ಅಂತ ಕಳಿಸಿದೆ ಎಂದರಂತೆ. ಆ ಫೈಲಿನಲ್ಲಿ ಪಂಚಾಂಗವೇ ಇತ್ತೋ ಇನ್ನೇನಿತ್ತೋ, ಯಾರೂ ತೆರೆದು ನೋಡಲಿಲ್ಲ. ಗ್ರೂಪಿನಿಂದ ಅಳಿಸಿದರು.

ಸ್ಟೋರ್‌ನಿಂದ ಇಳಿದ ಆ್ಯಪ್ ನಿಮ್ಮ ಫೋನಿನಲ್ಲಿ ಈಗಾಗಲೇ ಇದ್ದರೆ ಅದು ಸಾಮಾನ್ಯವಾಗಿ ಉಳಿದಿರುತ್ತದೆ, ಅಪ್‌ಡೇಟ್ ಮಾತ್ರ ಬರುವುದಿಲ್ಲ. ಹಾನಿಕರ ಎಂದು ಗೊತ್ತಾದ ಆ್ಯಪ್ ಆದರೆ ‘ಪ್ಲೇ ಪ್ರೊಟೆಕ್ಟ್’ ನಿಮಗೆ ಎಚ್ಚರಿಕೆ ತೋರಿಸುತ್ತದೆ, ಕೆಲವೊಮ್ಮೆ ತಾನೇ ನಿಷ್ಕ್ರಿಯಗೊಳಿಸುತ್ತದೆ. ಪ್ಲೇ ಸ್ಟೋರ್‌ನ ಅದೇ ಬಲತುದಿಯ ಚಿತ್ರ ಒತ್ತಿದರೆ ಪ್ಲೇ ಪ್ರೊಟೆಕ್ಟ್ ಸಿಗುತ್ತದೆ, ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಬ್ಯಾಂಕ್ ಅಥವಾ ಸಾಲಕ್ಕೆ ಸಂಬಂಧಿಸಿದ ಆ್ಯಪ್ ಇಳಿದಿದ್ದರೆ ಆ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಕಾರಣ ಹುಡುಕಿ, ಸಿಗುವವರೆಗೆ ಬಳಸುವುದನ್ನು ನಿಲ್ಲಿಸಿ. ವರ್ಷಗಟ್ಟಲೆ ಅಪ್‌ಡೇಟ್ ಇಲ್ಲದ ಆ್ಯಪ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಅದಕ್ಕೆ ಯಾವ್ಯಾವ ಅನುಮತಿ ಇದೆ ಎಂದು ನೋಡಿ. ತಿಥಿ ನಕ್ಷತ್ರ ಹೇಳಲು ಪಂಚಾಂಗಕ್ಕೆ ನಿಮ್ಮ ಕಾಂಟ್ಯಾಕ್ಟ್ ಬೇಕಿಲ್ಲ.

ಗ್ರೂಪಿನ ಎಪಿಕೆಯನ್ನು ಈಗಾಗಲೇ ಹಾಕಿಕೊಂಡು ಅನುಮತಿಗಳನ್ನೂ ಕೊಟ್ಟಿದ್ದರೆ ಮೊದಲು ಫೋನಿನ ಇಂಟರ್ನೆಟ್ ಕಡಿತ ಮಾಡಿ, ಏರೋಪ್ಲೇನ್ ಮೋಡ್ ಒತ್ತಿದರೆ ಸಾಕು. ಮನೆಯ ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡ್, ಯುಪಿಐ ತಡೆಹಿಡಿಸಿ. ಆಮೇಲೆ ಆ್ಯಪ್ ತೆಗೆಯಿರಿ. ಅದು ತೆಗೆಯಲು ಬಿಡದಿದ್ದರೆ ಫೋನನ್ನು ಪೂರ್ತಿ ರೀಸೆಟ್ ಮಾಡಿಸಬೇಕಾಗುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ದುಡ್ಡು ಇನ್ನೊಂದು ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು.