ಬಸ್ಸಿನೊಳಗ ಎಷ್ಟು ಮಂದಿ ಪಾಟೀಲರು?

ನವಲಗುಂದದಿಂದ ಹುಬ್ಬಳ್ಳಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ನಿಂತು 'ಪಾಟೀಲ್ರ...' ಅಂತ ಒಂದು ಕೂಗು ಹಾಕಿ ನೋಡಿ. ಮುಂದಿನ ಸೀಟಿನವರೊಬ್ಬರು, ಕಿಟಕಿ ಪಕ್ಕದವರೊಬ್ಬರು, ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗನೊಬ್ಬ, ಮೂರು ನಾಲ್ಕು ತಲೆಯಾದರೂ ತಿರುಗದಿದ್ದರೆ ಕೇಳಿ. 'ಗೌಡ್ರ' ಅಂದಿರೋ, ಉಳಿದ ಅರ್ಧ ಬಸ್ಸೂ ತಿರುಗುತ್ತದೆ.

ಮಜಾ ಏನೆಂದರೆ ಎರಡೂ ಒಂದೇ ಮಾತು. ಊರಿನ ಮುಖ್ಯಸ್ಥ ಅಂತಲೇ ಎರಡಕ್ಕೂ ಅರ್ಥ. ನಮ್ಮ ಕಡೆ ಬಸನಗೌಡ ಪಾಟೀಲ, ಶಂಕರಗೌಡ ಪಾಟೀಲ ಎಂದು ಹೆಸರಿಡುತ್ತಾರಲ್ಲ, ಅದರಲ್ಲಿ ಹೆಸರಿನ ಬಾಲವೂ ಗೌಡ, ಅಡ್ಡಹೆಸರೂ ಗೌಡ. ಸಕ್ಕರೆ ಹಾಕಿದ ಚಹಾಕ್ಕೆ ಮತ್ತೆ ಬೆಲ್ಲ ಹಾಕಿದ ಹಾಗೆ. ಯಾರಿಗೂ ಅದು ಹೆಚ್ಚೆನಿಸಿಲ್ಲ.

ಇವೆರಡರಲ್ಲಿ ಗೌಡ ಈ ನೆಲದ ಹಳೆಯ ಮಾತು. ಹಳಗನ್ನಡ ಶಾಸನಗಳಲ್ಲಿ ಗಾಮುಂಡ, ಗಾವುಂಡ ಎಂದು ಬರುತ್ತದೆ. ಸವೆದು ಸವೆದು ಗೌಂಡ, ಗೌಡ ಆಯಿತು. ಊರಿಗೊಬ್ಬ ಗಾವುಂಡ, ಹತ್ತಾರು ಊರು ಸೇರಿದ ನಾಡಿಗೆ ನಾಳ್ಗಾವುಂಡ. ಇಂದಿನ ನಾಡಗೌಡ ಎಂಬ ಅಡ್ಡಹೆಸರಿನ ಬೇರು ಇದೇ. ಗುಡಿಗೆ ಭೂಮಿ ಬಿಟ್ಟರೆ, ಕೆರೆ ಕಟ್ಟಿಸಿದರೆ, ಆ ಕಲ್ಲಿನ ಮೇಲೆ ಗಾವುಂಡನ ಹೆಸರು ಇರಲೇಬೇಕು. ಘಟ್ಟ ಇಳಿದು ಕೊಯಮತ್ತೂರು ಕಡೆ ಹೋದರೆ ತಮಿಳರು ಕವುಂಡರ್ ಅನ್ನುತ್ತಾರೆ, ಅದೂ ಇದರದೇ ಅಣ್ಣತಮ್ಮ. ಆದರೆ ತೆಲುಗರ ಗೌಡ ಎಂದರೆ ಕಳ್ಳು ಇಳಿಸುವ ಸಮಾಜದವರು. ಕಿವಿಗೆ ಒಂದೇ, ಕಸಬು ಬೇರೆ.

ಪಾಟೀಲ ಬಂದದ್ದು ಬಡಗಣ ದಿಕ್ಕಿನಿಂದ. ಸಾವಿರ ವರ್ಷದ ಹಿಂದೆ ಮಾಳವದ ಪರಮಾರ ಅರಸರು ಕೊಟ್ಟ ತಾಮ್ರಪಟಗಳಲ್ಲಿ, ದಾನ ಕೊಟ್ಟ ಹಳ್ಳಿಯ ಮಂದಿಯನ್ನು ಉದ್ದೇಶಿಸಿ ಮಾತಾಡುವಾಗ 'ಪಟ್ಟಕಿಲ' ಎಂಬುವವನ ಹೆಸರೆತ್ತುತ್ತಾರೆ. ಪಟ್ಟ ಎಂದರೆ ಬರೆದುಕೊಟ್ಟ ಪತ್ರ, ಅದನ್ನು ಇಟ್ಟುಕೊಂಡವನು ಪಟ್ಟಕಿಲ. ಮರಾಠಿ ಬಾಯಲ್ಲಿ ಅದು ಪಾಟೀಲ ಆಯಿತು, ಗುಜರಾತಿ ಬಾಯಲ್ಲಿ ಪಟೇಲ. ಆದಿಲಶಾಹಿ ಹೋಗಿ ಮರಾಠರು, ಪೇಶ್ವೆಯರು ಬಂದ ಮೇಲೆ ನಮ್ಮ ಕಡೆಯ ದಫ್ತರವೆಲ್ಲ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ. ಹಳ್ಳಿಯವರು ಗೌಡ ಎಂದು ಕರೆದದ್ದನ್ನು ಕಚೇರಿಯವರು ಪಾಟೀಲ ಎಂದು ಬರೆದರು. ಬಾಯಿಯ ಹೆಸರೂ ಉಳಿಯಿತು, ಕಾಗದದ ಹೆಸರೂ ಉಳಿಯಿತು.

ಆದ್ದರಿಂದ ನಮ್ಮ ಪಾಟೀಲ, ಸರದಾರ ವಲ್ಲಭಭಾಯಿ ಪಟೇಲ, ರಾಷ್ಟ್ರಪತಿಯಾಗಿದ್ದ ಪ್ರತಿಭಾ ಪಾಟೀಲ, ಎರಡು ಸಲ ಮುಖ್ಯಮಂತ್ರಿಯಾದ ಚಿಂಚೋಳಿಯ ವೀರೇಂದ್ರ ಪಾಟೀಲ, 'ಸಂಕ್ರಮಣ'ದ ಚಂದ್ರಶೇಖರ ಪಾಟೀಲ ಎಲ್ಲರ ಅಡ್ಡಹೆಸರೂ ಒಂದೇ ಬಳ್ಳಿಯ ಕಾಯಿ. ಬಳಗ ಅಂತ ಮಾತ್ರ ತಿಳಿಯಬೇಡಿ. ಲಿಂಗಾಯತರಲ್ಲಿ ಪಾಟೀಲರಿದ್ದಾರೆ, ಜೈನರಲ್ಲಿ, ಮರಾಠರಲ್ಲಿ, ಕುರುಬರಲ್ಲಿ, ಮುಸಲ್ಮಾನರಲ್ಲಿಯೂ ಇದ್ದಾರೆ. ಯಾವ ಊರಿನ ಗೌಡಕಿ ಯಾರ ಮನೆಯಲ್ಲಿತ್ತೋ ಅವರು ಪಾಟೀಲರು. ಅದು ಜಾತಿಯ ಹೆಸರಲ್ಲ, ನೌಕರಿಯ ಹೆಸರು.

ಆ ನೌಕರಿಯಾದರೂ ಏನು? ಸರಕಾರಕ್ಕೆ ಕಂದಾಯ ಎತ್ತಿ ಕಟ್ಟುವುದು, ಚಾವಡಿಯಲ್ಲಿ ಕೂತು ತಂಟೆ ತೀರಿಸುವುದು, ಕಳವು ಕೊಲೆ ಆದರೆ ಮೇಲಿನವರಿಗೆ ವರದಿ ಮುಟ್ಟಿಸುವುದು. ಪಕ್ಕದಲ್ಲಿ ಲೆಕ್ಕ ಬರೆಯಲು ಕುಲಕರ್ಣಿ. ಬ್ರಿಟಿಷರ ಮುಂಬಯಿ ಸರಕಾರ ಇದನ್ನೂ ಎರಡು ಪಾಲು ಮಾಡಿತು. ಕಂದಾಯಕ್ಕೊಬ್ಬ ಮುಲ್ಕಿ ಪಾಟೀಲ, ಬಂದೋಬಸ್ತಿಗೊಬ್ಬ ಪೊಲೀಸ್ ಪಾಟೀಲ. ಅಣ್ಣ ಮುಲ್ಕಿ, ತಮ್ಮ ಪೊಲೀಸ್ ಆದ ಮನೆಯಲ್ಲಿ ಒಂದೇ ಒಲೆ ಎರಡಾಗಿ, ಎರಡು ಅಡ್ಡಹೆಸರೂ ಆದವು. ನಿಜಾಮನ ಸೀಮೆಯಲ್ಲಿ ಕಂದಾಯಕ್ಕೆ 'ಮಾಲ್' ಅನ್ನುತ್ತಿದ್ದರು. ಅಲ್ಲಿಯ ಮುಲ್ಕಿ ಪಾಟೀಲನೇ ಮಾಲಿಪಾಟೀಲ. ಹೂದೋಟದ ಮಾಲಿಗೂ ಅವರಿಗೂ ಸಂಬಂಧವಿಲ್ಲ, ಆ ಅಡ್ಡಹೆಸರಿನವರನ್ನು ಛೇಡಿಸುವವರು ಇಷ್ಟು ತಿಳಿದಿರಲಿ.

ಪಗಾರ ಇರಲಿಲ್ಲವೆನ್ನುವಷ್ಟು ಕಡಿಮೆ. ಬದಲಿಗೆ ವತನದ ಹೊಲ, ಜೊತೆಗೆ ಮಾನ. ಹಿಂದಿ ಸಿನೆಮಾ ಹಾಡಿನಲ್ಲಿ ವತನ್ ಎಂದರೆ ತಾಯ್ನಾಡು, ನಮ್ಮಲ್ಲಿ ವತನ ಎಂದರೆ ಅಪ್ಪನಿಂದ ಮಗನಿಗೆ ಬರುವ ಅಧಿಕಾರ ಮತ್ತು ಅದರ ಹೊಲ. ಕಾರಹುಣ್ಣಿವೆಯ ದಿನ ಕರಿ ಹರಿಯಲು ಗೌಡರ ಎತ್ತು ಮುಂದು, ಬನ್ನಿ ಮುಡಿಯಲು ಗೌಡರು ಮುಂದು. ಈ ಮಾನಪಾನಕ್ಕಾಗಿ ಕೋರ್ಟು ಹತ್ತಿ ಹೊಲ ಕಳೆದುಕೊಂಡ ಮನೆತನಗಳ ಕಥೆ ಪ್ರತಿ ಊರಿನ ಕಟ್ಟೆಯ ಮೇಲೂ ಸಿಗುತ್ತದೆ.

ಪಾಟೀಲನ ಮೇಲೆ ದೇಸಾಯಿ. ಅವನ ಕೈಯಲ್ಲಿ ಒಂದು ಊರಲ್ಲ, ಪರಗಣಾ. ಆ ಹೆಸರೂ ಕನ್ನಡ, ಮರಾಠಿ, ಕೊಂಕಣಿ, ಗುಜರಾತಿ ನಾಲ್ಕರಲ್ಲೂ ಓಡಾಡುತ್ತದೆ. ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಗುಜರಾತಿನವರು, ನವಲಗುಂದದ ದೇಸಾಯರು ನಮ್ಮವರು. ನವಲಗುಂದ-ಶಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವಾಗ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. ಆ ಟ್ರಸ್ಟಿನ ಹಣದಲ್ಲಿ ಓದಿದವರು ಎಷ್ಟೋ ಮಂದಿ. ವತನದ ದುಡ್ಡು ಒಳ್ಳೆಯ ಕೆಲಸಕ್ಕೆ ಹೋದ ಉದಾಹರಣೆ ಬೇಕೆಂದರೆ ಇದೊಂದು ಸಾಕು.

ದೇಸಾಯಿ, ಪಾಟೀಲರ ಮಾತಾಯಿತು. ಅದೇ ಚಾವಡಿಯ ಹೊರಗೆ ನಿಂತವರ ಅಡ್ಡಹೆಸರೂ ಇವೆ. ವಾಲೀಕಾರ, ತಳವಾರ, ಬಾರ್ಕೇರ, ಸನದಿ. ಇವೂ ವತನದ ಹೆಸರುಗಳೇ. ಕಂದಾಯದ ಹಣ ಹೊತ್ತುಕೊಂಡು ಹೋಗುವವ, ರಾತ್ರಿ ಗಸ್ತು ತಿರುಗುವವ, ಸಾಹೇಬರು ಬಂದರೆ ಓಡಿ ಹೋಗಿ ಹೇಳಿ ಬರುವವ. ಕೆಲಸ ಹಗಲು ರಾತ್ರಿ, ಹೊಲ ಗೇಣು. ಈ ಕೆಳಗಿನ ವತನಗಳು ದಲಿತರನ್ನು ಬಿಟ್ಟಿ ಚಾಕರಿಗೆ ಕಟ್ಟಿಹಾಕುತ್ತವೆ ಎಂದು ಡಾ. ಅಂಬೇಡ್ಕರರು 1928ರಲ್ಲಿ ಮುಂಬಯಿ ಕೌನ್ಸಿಲ್ಲಿನಲ್ಲಿ, 1874ರ ವತನ ಕಾಯ್ದೆಯನ್ನು ತಿದ್ದಲು ಮಸೂದೆ ತಂದಿದ್ದರು. ಆಗ ಧಾರವಾಡ ಜಿಲ್ಲೆಯೂ ಮುಂಬಯಿ ಇಲಾಖೆಯಲ್ಲೇ ಇತ್ತು, ಅದೇ ಕಾಯ್ದೆ ನಮಗೂ. (ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದ್ದು.)

ಪಾಟೀಲ ಎಂಬ ಅಡ್ಡಹೆಸರು ಹೇಳಿಕೊಳ್ಳಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ವಾಲೀಕಾರ ಎಂದು ಹೇಳಿದ ಕೂಡಲೆ ಎದುರಿನವರ ದನಿ ಬದಲಾಗುವುದನ್ನು ಕಂಡವರಿಗೆ ಗೊತ್ತು. 'ಬರ್ರಿ ಗೌಡ್ರ' ಎನ್ನುವ ಬಾಯಿಯೇ 'ಬಾರೋ' ಎನ್ನುತ್ತದೆ. ಮಗನನ್ನು ಸಾಲಿಗೆ ಹಾಕುವಾಗ ಅಡ್ಡಹೆಸರು ಬಿಟ್ಟು ಊರಿನ ಹೆಸರು ಬರೆಸಿದ ತಂದೆಯರು ನಮ್ಮ ನಡುವೆ ಇದ್ದಾರೆ, ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಊರಿನ ಹೆಸರಿಟ್ಟುಕೊಳ್ಳುವುದು ನಮ್ಮಲ್ಲಿ ಹೊಸತೂ ಅಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ಊರಿನ ಹೆಸರಿನಿಂದಲೇ ಲೋಕಕ್ಕೆ ಗೊತ್ತಾದವರು.

ಸ್ವಾತಂತ್ರ್ಯ ಬಂದ ಮೇಲೆ ಈ ಗಿಡದ ಕೊಂಬೆ ಒಂದೊಂದೇ ಕಡಿಯಲಾಯಿತು. ಮುಂಬಯಿ ಸರಕಾರದ 1950ರ ಕಾಯ್ದೆಯಿಂದ ಪರಗಣಾ ಮತ್ತು ಕುಲಕರ್ಣಿ ವತನಗಳು ಹೋದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಯಾಗಿ ಪಾಟೀಲಕಿ, ವಾಲೀಕಾರಕಿ ಎಲ್ಲ ಒಂದೇ ದಿನ ಮುಗಿಯಿತು. ಚಾವಡಿಗೆ ಸರಕಾರಿ ಪಗಾರದ ತಲಾಟಿ ಬಂದ. ವತನದ ಹೊಲ ಸರಕಾರಕ್ಕೆ ಸೇರಿ, ದುಡ್ಡು ಕಟ್ಟಿದರೆ ಹಳಬರಿಗೇ ಮರುಮಂಜೂರು ಎಂದಾಯಿತು. ಮೇಲಿನವರು ಕಚೇರಿ ತಿರುಗಿ ಕಾಗದ ಮಾಡಿಸಿಕೊಂಡರು. ಕೆಳಗಿನವರಲ್ಲಿ ಎಷ್ಟೋ ಮಂದಿ ಕಾಗದ ಆಗುವ ಮೊದಲೇ ಅಡಚಣೆಗೆ ಹೊಲ ಮಾರಿದ್ದರು. ಆ ತಕರಾರು ಮಕ್ಕಳ ಕಾಲಕ್ಕೂ ಕೋರ್ಟಿನಲ್ಲಿ ಎಳೆದಾಡಿದವು.

ತಳವಾರ ಹೆಸರಿನದು ಮತ್ತೊಂದು ಗೋಜಲು. 2020ರಲ್ಲಿ ನಾಯಕರ ಜೊತೆ ತಳವಾರ, ಪರಿವಾರರನ್ನು ಪರಿಶಿಷ್ಟ ಪಂಗಡದ ಯಾದಿಗೆ ಸೇರಿಸಿದರು. ಊರು ಕಾಯುವ ತಳವಾರಕಿ ಮಾಡಿ ಆ ಅಡ್ಡಹೆಸರು ಪಡೆದವರು ಬೇರೆ ಬೇರೆ ಸಮಾಜದಲ್ಲಿದ್ದಾರೆ. ಯಾರು ಆ ಯಾದಿಯ ತಳವಾರ, ಯಾರು ನೌಕರಿಯ ತಳವಾರ ಎಂಬ ಜಗಳ ಪ್ರಮಾಣಪತ್ರದ ಕೌಂಟರಿಗೆ ಬಂದು ನಿಂತಿತು.

ಕಾಗದದ ತಾಪತ್ರಯ ಪಾಟೀಲರಿಗೂ ತಪ್ಪಿಲ್ಲ. ಉತಾರದಲ್ಲಿ ಗೌಡರ, ಆಧಾರದಲ್ಲಿ ಪಾಟೀಲ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಪೊಲೀಸಪಾಟೀಲ. ಮನುಷ್ಯ ಒಬ್ಬನೇ, ಆದರೆ ಬೆಳೆಸಾಲದ ಕಂಪ್ಯೂಟರು ಮೂವರೆನ್ನುತ್ತದೆ. ಗೌಡರ ಮನೆಗೆ ಸೇರಿದವ ಎಂಬ ಅರ್ಥದಲ್ಲಿ ಬಂದ 'ಗೌಡರ'ದ ಆ ಒಂದು 'ರ' ತೆಗೆಸಲು ಅಫಿಡವಿಟ್ ಮಾಡಿಸಿ, ನೋಟರಿಗೆ ದುಡ್ಡು ಕೊಟ್ಟು ತಹಶೀಲದಾರ ಕಚೇರಿ ಮೆಟ್ಟಿಲು ಹತ್ತಬೇಕು. ಹೆಣ್ಣುಮಕ್ಕಳದು ಇನ್ನೂ ಕಷ್ಟ. ತವರಲ್ಲಿ ಒಂದು ಅಡ್ಡಹೆಸರು, ಗಂಡನ ಮನೆಯಲ್ಲಿ ಮತ್ತೊಂದು.

ಊರ ಮುಖ್ಯಸ್ಥನ ಹೆಸರು ಮನೆಯ ಹೆಸರಾಗುವುದು ನಮ್ಮಲ್ಲಿ ಮಾತ್ರವಲ್ಲ. ಜರ್ಮನಿಯ ಷುಲ್ಟ್ಸ್ ಎಂದರೆ ಒಡೆಯನ ಪರವಾಗಿ ಹಳ್ಳಿಯ ತೆರಿಗೆ ಎತ್ತುತ್ತಿದ್ದವ, ಅಂದರೆ ಅಲ್ಲಿಯ ಪಾಟೀಲ. ಹಂಗೇರಿಯ ಬೀರೋ ಎಂದರೆ ನ್ಯಾಯ ಹೇಳುವವ, ಊರ ಮುಖಂಡನಿಗೂ ಅದೇ ಮಾತು. ನಿಮ್ಮ ಜೇಬಿನ ಬಾಲ್‌ಪೆನ್ನನ್ನು ಬಳಕೆಗೆ ತಂದವನ ಅಡ್ಡಹೆಸರು ಬೀರೋ. ಇನ್ನು ಗುಜರಾತಿನ ಪಟೇಲರು ಆಫ್ರಿಕಕ್ಕೆ ವ್ಯಾಪಾರಕ್ಕೆ ಹೋದರು. 1972ರಲ್ಲಿ ಇದಿ ಅಮೀನ ಉಗಾಂಡಾದಿಂದ ಓಡಿಸಿದಾಗ ಬಹಳ ಮಂದಿ ಇಂಗ್ಲೆಂಡು ಸೇರಿ ಅಂಗಡಿ ಇಟ್ಟರು. ಲಂಡನ್ನಿನಲ್ಲಿ ಅತಿ ಹೆಚ್ಚು ಕಾಣುವ ಅಡ್ಡಹೆಸರುಗಳಲ್ಲಿ ಪಟೇಲ ಒಂದು. ಅಲ್ಲಿಯ ಪಟೇಲನಿಗೆ ಚಾವಡಿಯೂ ಇಲ್ಲ, ಕಂದಾಯವೂ ಇಲ್ಲ. ಗಲ್ಲೆಯ ಮೇಲೆ ಕೂತು ಚಿಲ್ಲರೆ ಎಣಿಸುತ್ತಾನೆ, ನಮ್ಮ ಅಣ್ಣಿಗೇರಿ ಪ್ಯಾಟಿಯ ಪಾಟೀಲರ ಹಾಗೆಯೇ.

ಆಂಧ್ರದಲ್ಲಿ ಪಟೇಲ-ಪಟವಾರಿ ಪದ್ಧತಿಯನ್ನು 1980ರ ದಶಕದಲ್ಲಿ ಎನ್.ಟಿ. ರಾಮರಾವ್ ತೆಗೆದುಹಾಕಿದರು. ಮಹಾರಾಷ್ಟ್ರದಲ್ಲಿ ಮಾತ್ರ ಕಂದಾಯದ ಪಾಟೀಲ ಹೋದರೂ ಪೊಲೀಸ್ ಪಾಟೀಲ ಉಳಿದ. 1967ರ ಕಾಯ್ದೆ ಪ್ರಕಾರ ಅದು ವಂಶದ್ದಲ್ಲ, ಅರ್ಜಿ ಹಾಕಿ ಪಡೆಯುವ ಹುದ್ದೆ, ಯಾವ ಜಾತಿಯವರಾದರೂ ಸರಿ, ಹೆಣ್ಣುಮಕ್ಕಳೂ ಆಗಬಹುದು. ಕೊಲ್ಲಾಪುರದ ಕಡೆ ಬೀಗರಿದ್ದವರು, ಅಲ್ಲಿ ಯಾರಾದರೂ 'ನಾ ಪೊಲೀಸ್ ಪಾಟೀಲ' ಎಂದರೆ ಅಡ್ಡಹೆಸರೋ ನೌಕರಿಯೋ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.