ಮನೆಯಲ್ಲಿ ಸಮುದ್ರದ ನೀರಿನ ಅಕ್ವೇರಿಯಂ: ಹವಳ ಇರಿಸುವ ಮುನ್ನ ಸಾರ್ವಜನಿಕರು ತಿಳಿಯಬೇಕಾದ ಅಂಶಗಳು

ಅರಬೈಲ್ ಘಟ್ಟ ಇಳಿದರೆ ಅಂಕೋಲೆಯ ಕಡಲು ದೊರೆಯುವುದರಿಂದ, ಘಟ್ಟದ ಮೇಲಿನ ಮನೆಗಳಲ್ಲಿಯೂ ಸಮುದ್ರದ ನೀರಿನ ದೊಡ್ಡ ಅಕ್ವೇರಿಯಂ ಸ್ಥಾಪಿಸಲು ಅವಕಾಶವಿದೆ. ಆದರೆ ಅದರಲ್ಲಿರಿಸಲು ಕಡಲಿನಿಂದ ಹವಳ ತರುವಂತಿಲ್ಲ.

ದಿಬ್ಬ ಕಟ್ಟುವ ಎಲ್ಲಾ ಹವಳಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ-1ಕ್ಕೆ ಸೇರಿಸಲಾಗಿದೆ. ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪದ ಹವಳಗಳಿಗೂ ಇದು ಅನ್ವಯಿಸುತ್ತದೆ. ಉಲ್ಲಂಘನೆಗೆ 3ರಿಂದ 7 ವರ್ಷಗಳ ಕಾರಾವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡವಿದೆ. ಅಂಗಡಿಯ ರಸೀದಿಯು ಪರವಾನಗಿ ಎನಿಸುವುದಿಲ್ಲ. ಕಡಲಕುದುರೆಯೂ ಇದೇ ಅನುಸೂಚಿಯಲ್ಲಿದೆ.

ಆದ್ದರಿಂದ ಕೃತಕ ಹವಳವನ್ನೇ ಬಳಸತಕ್ಕದ್ದು. ಉಳಿದಂತೆ ಗಮನಿಸಬೇಕಾದ ಅಂಶಗಳು:

1. 400 ಲೀಟರ್ ತೊಟ್ಟಿಯಲ್ಲಿ ನೀರಿನ ತೂಕವೇ 400 ಕಿಲೋಗ್ರಾಂ ಮೀರುತ್ತದೆ. ನೆಲ ಹಾಗೂ ಪೀಠ ಭದ್ರವಾಗಿರಬೇಕು.

2. ಮಳೆಗಾಲದಲ್ಲಿ ಗಂಗಾವಳಿ ನದಿಯ ಸಿಹಿನೀರು ಬೆರೆತು ಅಳಿವೆಯ ಸುತ್ತ ಉಪ್ಪಿನಂಶ ಇಳಿಯುತ್ತದೆ. ಆಗ ಅಕ್ವೇರಿಯಂ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಿ ಬಳಸಬಹುದು. ಅಡುಗೆ ಉಪ್ಪು ಸಲ್ಲದು.

3. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಬೇಕು.

4. ವಿದ್ಯುತ್ ಕಡಿತವಾದಾಗ ಮೀನುಗಳು ಉಸಿರುಗಟ್ಟದಂತೆ ಬ್ಯಾಟರಿ ಚಾಲಿತ ಗಾಳಿ ಪಂಪ್ ಸಿದ್ಧವಿರಲಿ.

ಸಂದೇಹವಿದ್ದಲ್ಲಿ, ಖರೀದಿಗೆ ಮುನ್ನವೇ ಯಲ್ಲಾಪುರದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ ಮಾಹಿತಿ ಪಡೆಯಲು ಕೋರಲಾಗಿದೆ.