ಯಾವ ಕಂಪನಿ ಲ್ಯಾಪ್‌ಟಾಪ್ ತಗೋಬೇಕು?



ನಮ್ಮ ಅಕ್ಕ ಈ ವರ್ಷ ತಿಪಟೂರಿನಲ್ಲಿ ಬಿ.ಕಾಂ. ಸೇರಿದ್ದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಲ್ಯಾಪ್‌ಟಾಪ್ ಬೇಕೆಂದಳು. ಅಪ್ಪ ಅಟ್ಟದ ಮೇಲಿದ್ದ ಕೊಬ್ಬರಿ ಮಾರಿ, ಸೊಸೈಟಿ ಸಾಲ ಕಟ್ಟಿ, ಉಳಿದದ್ದರಲ್ಲಿ 40,000 ರೂಪಾಯಿ ಎತ್ತಿಟ್ಟರು. "ಇಷ್ಟೇ ಕಣವ್ವ. ಕೆಟ್ಟೋದ್ರೆ ಇನ್ನೊಂದು ಕೊಡಿಸೋಕಾಗಲ್ಲ, ನೋಡಿ ತಗೋ" ಎಂದರು. ಆ ಮಾತು ಕೇಳಿ ಅಕ್ಕನಿಗೆ ಹೆದರಿಕೆಯಾಯಿತು. ನನಗೂ ಆಯಿತು.

ಆಮೇಲೆ ಒಂದು ವಾರ ನಮ್ಮ ಮನೆ ಜಗಲಿ ಮೇಲೆ ಇದೇ ಮಾತು. ಮಾವ ಒಂದು ಕಂಪನಿ ಹೆಸರು ಹೇಳಿ ಅದೇ ಗಟ್ಟಿ ಎಂದರು. ಇಂಜಿನಿಯರಿಂಗ್ ಓದುವ ಪಕ್ಕದ ಮನೆ ಅಣ್ಣ, ಅದೊಂದು ಬಿಟ್ಟು ಬೇರೆ ಯಾವುದಾದರೂ ತಗೊಳ್ಳಿ ಎಂದ. ರೀಚಾರ್ಜ್ ಅಂಗಡಿಯವರು ಮೂರನೇ ಹೆಸರು ಹೇಳಿದರು. ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಹೂಡಿ ನೋಡುತ್ತೇವೆ. ಯಾವ ಊರಿನ ಎತ್ತು ಅಂತ ಮಾತ್ರ ಕೇಳಿ ದುಡ್ಡು ಎಣಿಸುವುದಿಲ್ಲ. ಆದರೆ ಲ್ಯಾಪ್‌ಟಾಪ್ ವಿಷಯದಲ್ಲಿ ಎಲ್ಲರೂ ಊರಿನ ಹೆಸರನ್ನೇ ಹೇಳುತ್ತಿದ್ದರು. "ಅಕ್ಕ ಅದರಲ್ಲಿ ಏನು ಕೆಲಸ ಮಾಡ್ತಾಳೆ?" ಎಂದು ಕೇಳಿದವರು ನಮ್ಮ ವಿಜ್ಞಾನದ ಮೇಷ್ಟ್ರು ಒಬ್ಬರೇ. ಅವರು ಹೇಳಿಕೊಟ್ಟದ್ದು, ಅಂಗಡಿಗಳಲ್ಲಿ ನಾವು ಕಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಲ್ಯಾಪ್‌ಟಾಪ್ ಕಂಪನಿ ಬೇರೆ, ಅದರೊಳಗಿನ ಆಪರೇಟಿಂಗ್ ಸಿಸ್ಟಂ ಬೇರೆ. ಎಚ್‌ಪಿ, ಡೆಲ್, ಲೆನೊವೊ, ಏಸರ್, ಆಸುಸ್ ಇವೆಲ್ಲ ಯಂತ್ರ ಮಾರುವವರು. ಆಪರೇಟಿಂಗ್ ಸಿಸ್ಟಂ ಎಂದರೆ ಶಾಲೆಗೆ ಹೆಡ್‌ಮೇಷ್ಟ್ರು ಇದ್ದ ಹಾಗೆ. ಯಾವ ತರಗತಿಗೆ ಯಾವ ಕೋಣೆ, ಬೀರುವಿನ ಬೀಗದ ಕೈ ಯಾರಿಗೆ, ಗಂಟೆ ಯಾವಾಗ ಹೊಡೆಯಬೇಕು ಎಲ್ಲ ಅವರೇ ಹೇಳಬೇಕು. ಅವರಿಲ್ಲದಿದ್ದರೆ ಕಟ್ಟಡ ಇರುತ್ತೆ, ಶಾಲೆ ನಡೆಯಲ್ಲ. ಇನ್ನು ನಾವು ಬಳಸುವ ಪ್ರೋಗ್ರಾಂಗಳು ಮೇಷ್ಟ್ರುಗಳ ಹಾಗೆ. ಒಂದು ಶಾಲೆಗೆ ಹಾಕಿದ ಮೇಷ್ಟ್ರು ಇನ್ನೊಂದು ಶಾಲೆಯಲ್ಲಿ ಹೋಗಿ ಪಾಠ ಮಾಡಲಾಗುವುದಿಲ್ಲ. (ಡೆಪ್ಯುಟೇಶನ್ ಇದ್ದರೆ ಬೇರೆ ಮಾತು. ಕಂಪ್ಯೂಟರಿನಲ್ಲೂ ಅಂಥ ಏರ್ಪಾಡು ಇದೆ, ಆದರೆ ಡೆಪ್ಯುಟೇಶನ್ ಹಾಗೇ ತಾಪತ್ರಯ.)

ವಿಂಡೋಸ್ ಮೈಕ್ರೋಸಾಫ್ಟ್‌ನದು, ಅದನ್ನು ಎಲ್ಲ ಕಂಪನಿಗಳ ಯಂತ್ರಕ್ಕೂ ಹಾಕಬಹುದು. ಆಪಲ್‌ನವರು ಯಂತ್ರವನ್ನೂ ಮ್ಯಾಕ್ ಎಂಬ ಸಿಸ್ಟಂ ಅನ್ನೂ ತಾವೇ ಮಾಡಿ ಒಟ್ಟಿಗೇ ಮಾರುತ್ತಾರೆ. ಮೂರನೆಯದು ಲಿನಕ್ಸ್. 1991ರಲ್ಲಿ ಫಿನ್‌ಲ್ಯಾಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಇದನ್ನು ಶುರುಮಾಡಿದ. ಇದನ್ನು ಯಾರು ಬೇಕಾದರೂ ದುಡ್ಡು ಕೊಡದೆ ಹಾಕಿಕೊಳ್ಳಬಹುದು, ಪಕ್ಕದವರಿಗೂ ಕೊಡಬಹುದು, ಕಳ್ಳತನ ಅಲ್ಲ. ಉಬುಂಟು, ಮಿಂಟ್ ಮುಂತಾದವು ಅದರ ಬೇರೆ ಬೇರೆ ರೂಪಗಳು. ಲಿನಕ್ಸ್ ನಮಗೆ ಗೊತ್ತೇ ಇಲ್ಲ ಎಂದುಕೊಳ್ಳಬೇಡಿ. ನಮ್ಮೂರಿನ ಆಂಡ್ರಾಯ್ಡ್ ಮೊಬೈಲ್‌ಗಳೆಲ್ಲದರ ಒಳತಿರುಳೂ ಲಿನಕ್ಸೇ. ಗೂಗಲ್‌ನ ಕ್ರೋಮ್‌ಬುಕ್ ಎಂಬುದೂ ಇದೆ, ಅದರ ಹೆಚ್ಚಿನ ಕೆಲಸಕ್ಕೆ ಇಂಟರ್‌ನೆಟ್ ಚೆನ್ನಾಗಿರಬೇಕು. ನೀರಿನ ಟ್ಯಾಂಕ್ ಹತ್ತಿರ ಮಾತ್ರ ಸಿಗ್ನಲ್ ಸಿಗುವ ನಮಗೆ ಅದರ ಮಾತು ಬೇಡ.

ಈಗ ಅಕ್ಕನ ಕೆಲಸಕ್ಕೆ ಬರೋಣ. ಬಿ.ಕಾಂ.ನವರಿಗೆ ಟ್ಯಾಲಿ ಬೇಕು. ಅಂಗಡಿ, ಸೊಸೈಟಿ, ಆಡಿಟರ್ ಆಫೀಸು ಎಲ್ಲ ಕಡೆ ಲೆಕ್ಕ ಬರೆಯುವ ಈ ಸಾಫ್ಟ್‌ವೇರ್ ನಮ್ಮ ಬೆಂಗಳೂರಿನ ಕಂಪನಿಯದೇ, 1986ರಲ್ಲಿ ಶುರುವಾದದ್ದು. ಅದು ವಿಂಡೋಸ್‌ಗೆಂದೇ ಮಾಡಿದ್ದು, ಮ್ಯಾಕ್‌ನಲ್ಲಾಗಲಿ ಲಿನಕ್ಸ್‌ನಲ್ಲಾಗಲಿ ನೇರವಾಗಿ ನಡೆಯುವುದಿಲ್ಲ. ಕಲಿಯುವವರು ಲೈಸೆನ್ಸ್ ಕೊಳ್ಳಬೇಕಿಲ್ಲ, ಎಜುಕೇಶನಲ್ ಮೋಡ್ ಎಂದು ಪುಕ್ಕಟೆ ಇದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿನ ಲೆಕ್ಕ ಮಾತ್ರ ಬರೆಯಬಹುದು, ಅಭ್ಯಾಸಕ್ಕೆ ಸಾಕು. ಹೀಗೆ ಯಾರನ್ನೂ ಕೇಳದೆಯೇ ಅಕ್ಕನಿಗೆ ವಿಂಡೋಸ್ ಎಂದು ತೀರ್ಮಾನವಾಯಿತು. ಪಕ್ಕದ ಮನೆ ಅಣ್ಣನಿಗೆ ಲಿನಕ್ಸ್ ಒಳ್ಳೆಯದು, ಏಕೆಂದರೆ ಅವನು ಪ್ರೋಗ್ರಾಂ ಬರೆಯುವವನು. ಇಬ್ಬರೂ ಸರಿ. ಮ್ಯಾಕ್ ವಿಷಯ ನಮಗೆ ದೂರ. 2025ರ ಮಾರ್ಚ್‌ನಲ್ಲಿ ಬಂದ ಮ್ಯಾಕ್‌ಬುಕ್ ಏರ್‌ನ ಕೆಳಗಿನ ಮಾಡೆಲ್ಲೇ ಬಂದಾಗ ನಮ್ಮ ದೇಶದಲ್ಲಿ 99,900 ರೂಪಾಯಿ ಇತ್ತು. 2020ರಿಂದ ಆಪಲ್ ತನ್ನದೇ ಚಿಪ್ ಹಾಕುತ್ತಿರುವುದರಿಂದ ಬ್ಯಾಟರಿ ತುಂಬಾ ಹೊತ್ತು ಬರುತ್ತದೆ, ಅದು ನಿಜ. ಆದರೆ ಟ್ಯಾಲಿ ನಡೆಯದ ಲಕ್ಷ ರೂಪಾಯಿ ಯಂತ್ರ ಅಕ್ಕನಿಗೆ ಯಾಕೆ?

ಮೊದಲ ದಿನ ಹೋದ ಅಂಗಡಿಯಲ್ಲಿ ನಾವು ಮೋಸ ಹೋಗುವುದರಲ್ಲಿದ್ದೆವು. ಅಂಗಡಿಯವರು ಒಂದು ಲ್ಯಾಪ್‌ಟಾಪ್ ತೋರಿಸಿ 33,500 ಎಂದರು. ಅಪ್ಪನ ಮುಖ ಅರಳಿತು. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ "ಡಾಸ್" ಎಂದು ಬರೆದಿತ್ತು. ಏನು ಎಂದು ಅಕ್ಕ ಕೇಳಿದ್ದಕ್ಕೆ, "ವಿಂಡೋಸ್ ಬಂದಿರಲ್ಲಮ್ಮ, ನಾನೇ ಹಾಕ್ಕೊಡ್ತೀನಿ, ಫ್ರೀ" ಎಂದರು. ಬಿಲ್ಲಿನಲ್ಲಿ ಬರೆದು ಕೊಡ್ತೀರಾ ಎಂದಳು. ನಕ್ಕರು. ಡಾಸ್ ಮಾಡೆಲ್ ಎಂದರೆ ಹೆಡ್‌ಮೇಷ್ಟ್ರಿಲ್ಲದ ಶಾಲೆ. ಅದನ್ನು ಕೊಂಡು ಲಿನಕ್ಸ್ ಹಾಕಿಕೊಂಡರೆ ತಪ್ಪೇನಿಲ್ಲ, ಲಾಭವೇ. ಆದರೆ ಅವರು ಹಾಕುವ ಫ್ರೀ ವಿಂಡೋಸ್ ಕದ್ದದ್ದು. ಅದರ ಬೀಗ ಮುರಿಯಲು ಬಳಸುವ ಪ್ರೋಗ್ರಾಂನಲ್ಲೇ ಎಷ್ಟೋ ಸಲ ವೈರಸ್ ಇರುತ್ತದೆ. ಪಕ್ಕದ ಮನೆ ಅಣ್ಣ ಮೊದಲ ವರ್ಷ ಅಂಥದ್ದನ್ನೇ ತಂದು, ಪ್ರಾಜೆಕ್ಟ್ ಕೊಡಬೇಕಾದ ಹಿಂದಿನ ವಾರ ಎಲ್ಲಾ ಫೈಲ್ ಕಳೆದುಕೊಂಡ. ಅವನು ಲಿನಕ್ಸ್‌ಗೆ ಹೋದದ್ದು ಆಮೇಲೆ. ಅಪ್ಪನಿಗೆ ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ನಮ್ಮೂರ ಬಸ್ಸು ಹೋಗಿತ್ತು.

ಇನ್ನು ಯಂತ್ರದ ಒಳಗೆ ಏನಿರಬೇಕು ಎನ್ನುವುದು. ನಮ್ಮ ಸೀಮೆಯವರಿಗೆ ಇದನ್ನು ಕೊಬ್ಬರಿಯಲ್ಲೇ ಹೇಳಬಹುದು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಇಡುತ್ತೇವೆ, ಆಮೇಲೆ ಇಳಿಸಿ ಅಂಗಳದಲ್ಲಿ ಹರಡಿಕೊಂಡು ಸುಲಿಯುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ಅಟ್ಟ ಎಂದರೆ ಎಸ್.ಎಸ್.ಡಿ., ಅಂಗಳ ಎಂದರೆ ರ್ಯಾಮ್, ಸುಲಿಯುವ ಆಳು ಎಂದರೆ ಪ್ರೊಸೆಸರ್. ಅಟ್ಟ ಎಷ್ಟು ದೊಡ್ಡದಿದ್ದರೂ ಅಂಗಳ ಚಿಕ್ಕದಾದರೆ ಆಳು ಕೈಕಟ್ಟಿ ಕೂರಬೇಕು. ವಿಂಡೋಸ್ 11ಕ್ಕೆ 4 ಜಿಬಿ ರ್ಯಾಮ್ ಸಾಕು ಎಂದು ಮೈಕ್ರೋಸಾಫ್ಟೇ ಬರೆದಿದೆ. ಸಾಕು ಎಂದರೆ ಏಳುತ್ತದೆ ಅಷ್ಟೇ, ಓಡುವುದಿಲ್ಲ. 8 ಜಿಬಿಗೆ ಕಡಿಮೆ ತಗೋಬೇಡಿ. ಕೆಲವು ಮಾಡೆಲ್‌ಗಳಲ್ಲಿ ರ್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸೋಕಾಗಲ್ಲ. ಖಾಲಿ ಸ್ಲಾಟ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ.

ಹಳೆಯ ಯಂತ್ರಗಳಲ್ಲಿ ಎಸ್.ಎಸ್.ಡಿ. ಬದಲು ಹಾರ್ಡ್ ಡಿಸ್ಕ್ ಇರುತ್ತಿತ್ತು. ಅದರೊಳಗೆ ನಿಜವಾಗಿಯೂ ಒಂದು ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಒಂದು ಮುಳ್ಳು ಅದರ ಮೇಲೆ ಓಡಾಡಿ ಹುಡುಕಬೇಕು. ಏಣಿ ಹತ್ತಿ ಒಂದೊಂದೇ ಕಾಯಿ ಇಳಿಸಿದ ಹಾಗೆ. ಎಸ್.ಎಸ್.ಡಿ.ಯಲ್ಲಿ ತಿರುಗುವುದು ಏನೂ ಇಲ್ಲ, ಆದ್ದರಿಂದ ಬಹಳ ವೇಗ. ಬಸ್ಸಿನಲ್ಲಿ ಕುಲುಕಿದರೂ ಭಯ ಕಡಿಮೆ.

ಪ್ರೊಸೆಸರ್ ವಿಷಯದಲ್ಲಿ ಜನ ಸ್ಟಿಕ್ಕರ್ ನೋಡಿ ಮರುಳಾಗುತ್ತಾರೆ. "ಐ5 ಐತೆ, ಐ3 ಯಾಕೆ" ಎಂದು ಮಾವ ಜಗಳಕ್ಕೇ ಬಂದರು. ಆದರೆ ಮುಂದಿನ ಅಂಕಿ ನೋಡಬೇಕು. ಐ5-4210ಯು ಎಂದಿದ್ದರೆ ಮೊದಲ 4 ಅದರ ತಲೆಮಾರು, 2014ರದು, ಒಳಗೆ ಆಳು ಇಬ್ಬರು. ಐ3-1215ಯು ಎಂದಿದ್ದರೆ 12ನೇ ತಲೆಮಾರು, 2022ರದು, ಆಳು ಆರು ಜನ. ಚಿಕ್ಕ ಹೆಸರಿನ ಮೊಮ್ಮಗ ದೊಡ್ಡ ಹೆಸರಿನ ತಾತನನ್ನು ಸುಲಭವಾಗಿ ಹಿಂದೆ ಹಾಕುತ್ತಾನೆ. ಎಎಂಡಿಯವರ ರೈಜೆನ್‌ನಲ್ಲಿ ಇನ್ನೊಂದು ಚಮತ್ಕಾರ. ರೈಜೆನ್ 5 7520ಯು ಎಂಬುದರ 7 ನೋಡಿದರೆ 2023ರ ಸರಣಿ. ಆದರೆ ಮೂರನೇ ಅಂಕಿ 2 ಇದೆಯಲ್ಲ, ಅದು 2019ರಲ್ಲಿ ಬಂದ ಝೆನ್ 2 ಎಂಬ ವಿನ್ಯಾಸ ಎಂದು ಹೇಳುತ್ತದೆ. ಹೊಸ ಡಬ್ಬದಲ್ಲಿ ಹಳೇ ಬೆಲ್ಲ. ಕೆಟ್ಟದ್ದಲ್ಲ, ಆದರೆ ಹೊಸದರ ಬೆಲೆ ಕೊಡಬೇಡಿ.

ಬ್ಯಾಟರಿಗೆ ವ್ಯಾಟ್-ಅವರ್ ಎಂಬ ಅಳತೆ ಇದೆ. 41 ವ್ಯಾಟ್-ಅವರ್ ಬ್ಯಾಟರಿ ಇದ್ದು, ಕೆಲಸಕ್ಕೆ 8 ವ್ಯಾಟ್ ಎಳೆದರೆ ಐದು ಗಂಟೆ ಬರುತ್ತದೆ. ಭಾಗಾಕಾರ ಅಷ್ಟೇ. ಕರೆಂಟ್ ಹೋಗುವ ನಮ್ಮೂರಿನಲ್ಲಿ ಇದನ್ನು ಕೇಳದೆ ತರಬಾರದು.

ಕಂಪನಿಯ ಮಾತು ಕೊನೆಗೆ. ಬೇರೆ ಬೇರೆ ಕಂಪನಿಗಳ ಲ್ಯಾಪ್‌ಟಾಪ್‌ಗಳನ್ನು ಎಷ್ಟೋ ಸಲ ಒಬ್ಬರೇ ಮಾಡಿರುತ್ತಾರೆ. ಕ್ವಾಂಟಾ, ಕಂಪಾಲ್ ಎಂಬ ತೈವಾನಿನ ಕಂಪನಿಗಳು ಹಲವು ಬ್ರ್ಯಾಂಡ್‌ಗಳಿಗೆ ಯಂತ್ರ ಮಾಡಿಕೊಡುತ್ತವೆ. ಒಂದೇ ಕಂಪನಿಯಲ್ಲಿ ಮನೆಗೆ ಮಾಡುವ ಅಗ್ಗದ ಸಾಲೂ ಇರುತ್ತದೆ, ಆಫೀಸಿಗೆ ಮಾಡುವ ಗಟ್ಟಿ ಸಾಲೂ ಇರುತ್ತದೆ. ಲೆನೊವೊದ ಥಿಂಕ್‌ಪ್ಯಾಡ್ ಆಫೀಸಿನ ಸಾಲು. ಅದನ್ನು 1992ರಲ್ಲಿ ತಂದದ್ದು ಐಬಿಎಂ, 2005ರಲ್ಲಿ ಆ ವ್ಯವಹಾರ ಲೆನೊವೊಗೆ ಹೋಯಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆಫೀಸುಗಳು ಬಳಸಿ ಬಿಟ್ಟ ಅಂಥವು ಕಡಿಮೆ ಬೆಲೆಗೆ ಸಿಗುತ್ತವೆ. ಗುರುತಿನವರಿದ್ದು, ತಲೆಮಾರು ನೋಡಿ ತಂದರೆ ಒಳ್ಳೆಯ ವ್ಯಾಪಾರ. ನಮಗೆ ಗುರುತಿನವರಿರಲಿಲ್ಲ, ಅಪ್ಪ ಒಪ್ಪಲಿಲ್ಲ.

ಹೊಸದಾದರೆ ಕಂಪನಿಗಿಂತ ಮುಖ್ಯವಾದದ್ದು ರಿಪೇರಿ ಎಲ್ಲಿ ಎಂಬುದು. ಆನ್‌ಸೈಟ್ ವಾರಂಟಿ ಎಂದರೆ ಮೆಕ್ಯಾನಿಕ್ ಮನೆಗೇ ಬರಬೇಕು. ಅಕ್ಕ ಪ್ರತಿ ಕಂಪನಿಯ ಸಹಾಯವಾಣಿಗೂ ಫೋನ್ ಮಾಡಿ ನಮ್ಮೂರಿನ ಪಿನ್‌ಕೋಡ್ ಹೇಳಿ ಬರುತ್ತೀರಾ ಎಂದು ಕೇಳಿದಳು. ಒಬ್ಬರು ಬರುತ್ತೇವೆ ಎಂದರು, ಉಳಿದವರು ತುಮಕೂರಿಗೆ ತನ್ನಿ ಎಂದರು. ಅದೇ ಕಂಪನಿಯದನ್ನು ತುಮಕೂರಿನಲ್ಲಿ 38,990ಕ್ಕೆ ತಂದೆವು. 12ನೇ ತಲೆಮಾರಿನ ಐ3, 8 ಜಿಬಿ, 512 ಜಿಬಿ ಎಸ್.ಎಸ್.ಡಿ., ಒಂದು ಖಾಲಿ ಸ್ಲಾಟ್, ಅಸಲಿ ವಿಂಡೋಸ್ 11. ಕಂಪನಿ ಹೆಸರು ಇಲ್ಲಿ ಬರೆಯಲ್ಲ. ಬರೆದರೆ ನೀವೂ ಪಿನ್‌ಕೋಡ್ ಕೇಳದೆ ಅದನ್ನೇ ತರುತ್ತೀರಿ. ವಿಂಡೋಸ್ 11 ಹೋಮ್ ಮೊದಲ ಸಲ ಶುರುವಾಗುವಾಗ ಇಂಟರ್‌ನೆಟ್ ಕೇಳುತ್ತದೆ, ಆ ಕೆಲಸ ಅಂಗಡಿಯಲ್ಲೇ ಮುಗಿಸಿಕೊಂಡು ಬನ್ನಿ.

ಗುರುಗಳಿಗಾಗಿ ಒಂದು ಮಾತು. ಕನ್ನಡ ಟೈಪ್ ಮಾಡಲು ಯಾವ ಸಿಸ್ಟಂ ಎಂದು ಕೆಲವರು ಕೇಳಿದ್ದಿರಿ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೂರರಲ್ಲೂ ಇದೆ, ಸೆಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿಕೊಂಡರಾಯಿತು. ನುಡಿಯ ಹಳೆಯ ಫಾಂಟ್‌ನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಇನ್ನೊಂದು ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರವಾಗಿ ಕಾಣುವುದು ಸಿಸ್ಟಂ ತಪ್ಪಲ್ಲ, ಯೂನಿಕೋಡ್ ಅಲ್ಲದ್ದರಿಂದ ಹಾಗಾಗುತ್ತದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮಾವ ಜಗಳವಾಡಿದ ಆ ಐ5-4210ಯು ಅವರದೇ ಹಳೇ ಲ್ಯಾಪ್‌ಟಾಪ್. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರು, ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ ಬೇಕು. ಮಾವ ಅದನ್ನು ಗುಜರಿಗೆ ಹಾಕುವುದರಲ್ಲಿದ್ದರು. ನಾನು ಕೇಳಿ ಇಸಕೊಂಡೆ. ಮೇಷ್ಟ್ರು ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಮಿಂಟ್ ನಡೆಸಿ ತೋರಿಸಿದರು. ಯಂತ್ರಕ್ಕೆ ಏನೂ ಹಾಕದೆ ಹೀಗೆ ಪರೀಕ್ಷೆ ಮಾಡಬಹುದು, ವೈ-ಫೈ, ಸೌಂಡು ಸರಿ ಇದೆಯೇ ನೋಡಬಹುದು. ಸರಿ ಇತ್ತು. ಆಮೇಲೆ ಎರಡು ಸಾವಿರ ಚಿಲ್ಲರೆಗೆ ಎಸ್.ಎಸ್.ಡಿ. ತಂದು ಹಳೇ ಡಿಸ್ಕ್ ಬಿಚ್ಚಿ, ಅದರ ಜಾಗದಲ್ಲಿ ಕೂರಿಸಿದೆವು. ಡಿಸ್ಕಿನಲ್ಲಿ ಅತ್ತೆಯ ಮದುವೆ ಫೋಟೋಗಳಿವೆ, ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. 4 ಜಿಬಿ ರ್ಯಾಮ್‌ನಲ್ಲಿ ಮಿಂಟ್ ನಡೆಯುತ್ತಿದೆ. ಬರೆಯಲು, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಅದರ ಜೊತೆಗೇ ಬಂತು. ಟ್ಯಾಲಿ ಇಲ್ಲ, ನನಗೆ ಬೇಕಾಗಿಯೂ ಇಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಅಲ್ಲಿನ ಸರ್ಕಾರದ ಕೈಟ್ ಎಂಬ ಸಂಸ್ಥೆ ಅದಕ್ಕೆಂದೇ ಒಂದು ಲಿನಕ್ಸ್ ಮಾಡಿಕೊಟ್ಟಿದೆ.

ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಬಟ್ಟೆ ಮುಚ್ಚಿಟ್ಟಿರುವ ಮೂರು ಕಂಪ್ಯೂಟರ್‌ಗಳಲ್ಲೂ ವಿಂಡೋಸ್ 10 ಇದೆ. ಪೆನ್‌ಡ್ರೈವ್ ನನ್ನ ಹತ್ತಿರವಿದೆ. ಹೆಡ್‌ಮೇಷ್ಟ್ರು ಶನಿವಾರ ಬೀಗದ ಕೈ ಕೊಡುತ್ತೇನೆ ಎಂದಿದ್ದಾರೆ. ಬರುವವರು ನಮ್ಮ ತರಗತಿಯಲ್ಲಿ ಹೆಸರು ಕೊಡಿ.

— 10ನೇ ತರಗತಿ ವಿದ್ಯಾರ್ಥಿನಿ